ಮಡಿಕೇರಿಯಲ್ಲಿ ತಲೆ ಹಗುರಾಗುವುದು ಆಕ್ಸಿಜನ್‌ನಿಂದ ಅಲ್ಲ

ಕೊಡಗಿಗೆ ಬಂದವರು ಎರಡನೇ ದಿನಕ್ಕೇ ಒಂದು ಮಾತು ಹೇಳುತ್ತಾರೆ: "ಇಲ್ಲಿ ಆಕ್ಸಿಜನ್ ಜಾಸ್ತಿ, ಅದಕ್ಕೇ ತಲೆ ಹಗುರ." ಹೋಂಸ್ಟೇಯಲ್ಲೂ ಇದೇ ಮಾತು, ವಾಟ್ಸಾಪಿನಲ್ಲೂ ಇದೇ ಮಾತು. ತಲೆ ಹಗುರಾಗುವುದು ನಿಜ. ಕಾರಣ ಮಾತ್ರ ಪೂರ್ತಿ ತಪ್ಪು. ಗಾಳಿಯಲ್ಲಿ ಆಮ್ಲಜನಕದ ಪಾಲು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲೂ ಸುಮಾರು 21 ಪರ್ಸೆಂಟ್, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ತುದಿಯಲ್ಲೂ ಅಷ್ಟೇ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನಷ್ಟೂ ಇಲ್ಲ. ಅರಳಿಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಅನ್ನುವುದೂ ಇದೇ ಜಾತಿಯ ಮಾತು. ಬೆಳಕಿಲ್ಲದೆ ಯಾವ ಮರವೂ ಅದನ್ನು ತಯಾರಿಸುವುದಿಲ್ಲ.

ನಿಜವಾದ ಕಾರಣ ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ಅದು ಶ್ವಾಸಕೋಶದ್ದಲ್ಲ, ಗಮನದ ವಿಷಯ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಗಮನವನ್ನು ಎರಡಾಗಿ ಬೇರೆ ಮಾಡಿದ್ದರು. ಒಂದು, ತಾನಾಗಿ ಹೋಗುವ ಗಮನ: ಹಾವು ಸರಿದರೆ, ಮಿಂಚು ಹೊಡೆದರೆ ಕಣ್ಣು ಕೇಳದೆಯೇ ಆ ಕಡೆ ತಿರುಗುತ್ತದೆ. ಇನ್ನೊಂದು, ನಾವೇ ಹಿಡಿದು ಕೂರಿಸುವ ಗಮನ: ಲೆಕ್ಕ ಬರೆಯುವಾಗ, ಪರೀಕ್ಷೆಗೆ ಓದುವಾಗ ಬೇಕಾಗುವುದು. ಸುಮಾರು ನೂರು ವರ್ಷದ ನಂತರ ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಇದನ್ನೇ ಮುಂದುವರಿಸಿ ಒಂದು ಪ್ರಶ್ನೆ ಕೇಳಿದರು. ಈ ಎರಡನೇ ಗಮನ ಯಾಕೆ ದಣಿಯುತ್ತದೆ?

ಅವರ ಉತ್ತರ ನನಗೆ ತುಂಬಾ ಇಷ್ಟ. ನೋಡುವುದರಿಂದ ನಾವು ದಣಿಯುವುದಿಲ್ಲ, ಓಡಿಸುವುದರಿಂದ ದಣಿಯುತ್ತೇವೆ. ಭತ್ತ ತೆನೆಯಾದಾಗ ಗದ್ದೆಯ ಅಟ್ಟಣೆಯಲ್ಲಿ ರಾತ್ರಿ ಕಾವಲು ಕೂತವರನ್ನು ನೆನೆಸಿಕೊಳ್ಳಿ. ಗದ್ದೆ ನೋಡುತ್ತಾ ಕೂರುವುದು ಕಷ್ಟವಲ್ಲ. ಆಗೊಮ್ಮೆ ಈಗೊಮ್ಮೆ ನುಗ್ಗುವ ಹಂದಿಯನ್ನು ಕೂಗಿ, ಡಬ್ಬ ಬಡಿದು ಓಡಿಸುತ್ತಲೇ ಇರಬೇಕಲ್ಲ, ಬೆಳಗಾಗುವಷ್ಟರಲ್ಲಿ ಅದು ಹೈರಾಣ ಮಾಡುತ್ತದೆ. ಒಂದು ಕೆಲಸದ ಮೇಲೆ ಮನಸ್ಸಿಟ್ಟಾಗ ಮಿದುಳೂ ಇದನ್ನೇ ಮಾಡುತ್ತಿರುತ್ತದೆ: ಫೋನಿನ ಸದ್ದು, ಪಕ್ಕದವರ ಮಾತು, ನಾಳೆ ಕಟ್ಟಬೇಕಾದ ಕಂತು, ಎಲ್ಲವನ್ನೂ ತಡೆದು ಹಿಂದಕ್ಕೆ ಅಟ್ಟುತ್ತಾ ಇರಬೇಕು. ಅಟ್ಟುವ ಶಕ್ತಿ ಸೋತಾಗ ಒಂದೇ ಸಾಲನ್ನು ಮೂರು ಸಲ ಓದುತ್ತೇವೆ, ಮಕ್ಕಳ ಮೇಲೆ ಸುಮ್ನೆ ರೇಗುತ್ತೇವೆ.

ಇದಕ್ಕೆ ಮದ್ದು ಏನನ್ನೂ ಗಮನಿಸದೆ ಇರುವುದಲ್ಲ. ಓಡಿಸುವ ಕೆಲಸವೇ ಬೇಡದ ಜಾಗದಲ್ಲಿ ಇರುವುದು. ಮಂಜು ಬಿದ್ದ ಬೆಳಿಗ್ಗೆ ಕಾಳುಮೆಣಸಿನ ಬಳ್ಳಿಯ ನಡುವೆ ಒಂದು ಜೇಡರ ಬಲೆ, ಎಳೆ ಎಳೆಗೂ ನೀರಿನ ಹನಿ, ಗಾಳಿ ಬಂದರೆ ಇಡೀ ಬಲೆ ಒಟ್ಟಿಗೆ ತೂಗುತ್ತದೆ. ಕಣ್ಣು ಅಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ಅದು ಬೇರೆ ಯೋಚನೆಗಳನ್ನು ಒತ್ತಿ ಹಿಡಿಯುವುದಿಲ್ಲ, ಅವು ಬರಬಹುದು, ಹೋಗಬಹುದು. ಟಿವಿಯ ಕ್ರಿಕೆಟ್ ಮ್ಯಾಚೂ ಕಣ್ಣು ಸೆಳೆಯುತ್ತದೆ, ಆದರೆ ಜುಟ್ಟು ಹಿಡಿದು ಸೆಳೆಯುತ್ತದೆ. ಕಪ್ಲಾನ್ ದಂಪತಿ ಮುಖ್ಯ ಅಂದಿದ್ದು ಈ ಮೆದುವಾದ ಸೆಳೆತವನ್ನೇ. ಕೊಡಗಿನಲ್ಲಿ ಹಿರಿಯರು ಕೊಡಲಿ ತಾಗಿಸದೆ ಉಳಿಸಿದ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮನಸ್ಸು ತಿಳಿಯಾಗುತ್ತದೆ ಅನ್ನುವ ಅನುಭವ ಸುಳ್ಳಲ್ಲ. ಅದಕ್ಕೊಂದು ವಿವರಣೆ ಸಿಕ್ಕಿತು ಅಂತ ಆ ಕಾಡಿನ ಮೇಲಿನ ಗೌರವವೇನೂ ಕಮ್ಮಿಯಾಗಬೇಕಿಲ್ಲ.

ಪುರಾವೆ ಬೇಕಲ್ವಾ? 2008ರಲ್ಲಿ ಮಾರ್ಕ್ ಬರ್ಮನ್ ಮತ್ತು ಜೊತೆಗಾರರು ಇದೇ ಮಿಷಿಗನ್‌ನಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಂಕಿಗಳನ್ನು ಕೇಳಿಸಿ ಹಿಂದುಮುಂದಾಗಿ ಹೇಳಿಸುವುದು ಪರೀಕ್ಷೆ. 7, 2, 9, 4 ಅಂದರೆ 4, 9, 2, 7 ಅನ್ನಬೇಕು. ನಾಲ್ಕು ಅಂಕಿ ಸುಲಭ, ಏಳು ಎಂಟು ಆದಾಗ ಗೊತ್ತಾಗುತ್ತದೆ ಕಷ್ಟ. ಆಮೇಲೆ ಭಾಗವಹಿಸಿದವರನ್ನು ಸುಮಾರು 50 ನಿಮಿಷ ನಡೆಯಲು ಕಳಿಸಿದರು, ಒಮ್ಮೆ ಮರಗಳ ತೋಟದಲ್ಲಿ, ಇನ್ನೊಮ್ಮೆ ಪೇಟೆ ಬೀದಿಯಲ್ಲಿ. ಮರಗಳ ನಡುವೆ ನಡೆದು ಬಂದಾಗ ಅಂಕ ಸ್ಪಷ್ಟವಾಗಿ ಏರಿತ್ತು, ಪೇಟೆ ಸುತ್ತಿ ಬಂದಾಗ ಅಷ್ಟು ಏರಲಿಲ್ಲ. ನಡಿಗೆ ಎರಡು ಕಡೆಯೂ ಒಂದೇ, ಹಾಗಾಗಿ ಇದು ಬರೀ ವ್ಯಾಯಾಮದ ಫಲವಲ್ಲ. ಇನ್ನೂ ಸ್ವಾರಸ್ಯ ಏನೆಂದರೆ, ಮೈ ಕೊರೆಯುವ ಚಳಿಯಲ್ಲಿ ನಡೆದವರಿಗೆ ಖುಷಿಯೇನೂ ಆಗಿರಲಿಲ್ಲ, ಆದರೂ ಅವರ ಗಮನ ಚೇತರಿಸಿಕೊಂಡಿತ್ತು. ಜುಲೈ ಮಳೆಯಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ತೋಟದ ದಾರಿ ನಡೆಯುವವರಿಗೆ ಇದು ಒಳ್ಳೆಯ ಸುದ್ದಿ.

ಆದರೆ ಫೋನ್ ಹಿಡಿದು ನಡೆದರೆ ಲೆಕ್ಕ ಬೇರೆ. ಹಸಿರಿನ ನಡುವೆ ಕೂತರೂ ಲ್ಯಾಪ್‌ಟಾಪ್ ನೋಡುತ್ತಿದ್ದವರಿಗೆ ಗಮನದ ಲಾಭ ಸಿಗಲಿಲ್ಲ ಅಂತ 2019ರ ಒಂದು ಅಧ್ಯಯನ ಹೇಳುತ್ತದೆ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಹತ್ತಿ, ರೀಲ್ಸ್ ಮಾಡಿ, ಸಿಗ್ನಲ್ ಹುಡುಕಿ ಅಪ್‌ಲೋಡ್ ಮಾಡಿ ಇಳಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅಷ್ಟು ದೂರ ಬಂದು, ಸಿಗಬೇಕಾದದ್ದೇ ಸಿಗದೆ ಹೋಗುತ್ತಾರೆ.

ಇನ್ನೊಂದು ಮಾತು ಪ್ರವಾಸದ ಜಾಹೀರಾತಿನಲ್ಲಿ ಎಂದೂ ಬರುವುದಿಲ್ಲ. ಹಸಿರು ಇದ್ದಲ್ಲೆಲ್ಲ ವಿಶ್ರಾಂತಿ ಇರುವುದಿಲ್ಲ. ಇಂಗ್ಲೆಂಡಿನಲ್ಲಿ 2013ರಲ್ಲಿ ಪ್ರಕಟವಾದ ಗೇಟರ್ಸ್ಲೆಬೆನ್ ಮತ್ತು ಆಂಡ್ರ್ಯೂಸ್ ಅವರ ಅಧ್ಯಯನದ ಪ್ರಕಾರ, ದೂರದವರೆಗೆ ಕಣ್ಣು ಹಾಯುವ ಬಯಲಿನಂಥ ಕಾಡು ಮನಸ್ಸನ್ನು ತಣಿಸುತ್ತದೆ. ಪೊದೆ ಮುಚ್ಚಿದ, ಯಾರು ಎಲ್ಲಿ ಅಡಗಿದ್ದಾರೋ ತಿಳಿಯದ ಕಾಡು ತಣಿಸುವುದಿಲ್ಲ, ಇನ್ನಷ್ಟು ದಣಿಸಲೂಬಹುದು. ಸಿದ್ದಾಪುರದ ಕಡೆ ತೋಟದ ಕೆಲಸಕ್ಕೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಬೆ ಮುರಿದ ಸದ್ದಾಯಿತೇ, ಹಸಿ ಲದ್ದಿ ಬಿದ್ದಿದೆಯೇ, ನಿನ್ನೆ ರಾತ್ರಿ ಆನೆ ಯಾವ ತೋಟದಲ್ಲಿತ್ತು, ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಕಾಫಿ ಕುಯ್ಯುವವರ ಗಮನಕ್ಕೆ ಒಂದು ಗಳಿಗೆಯೂ ಬಿಡುವಿಲ್ಲ. ಅದೇ ತೋಟದ ಹೋಂಸ್ಟೇ ಜಗಲಿಯಲ್ಲಿ ಕೂತ ಅತಿಥಿಗೆ ಮಾತ್ರ ಪೂರ್ತಿ ಬಿಡುವು. ಹಾಗಾಗಿ "ನೀವು ಕಾಡಲ್ಲೇ ಇರೋರು, ನಿಮಗೇನು ಟೆನ್ಶನ್" ಅಂತ ಲೈನ್‌ಮನೆಗಳಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ಇರುವವರಿಗೆ ಹೇಳುವುದು ಅನ್ಯಾಯ. ಅವರಿಗೂ ಬೇಕಿರುವುದು ಆನೆಯ ಭಯವಿಲ್ಲದೆ ಅರ್ಧ ಗಂಟೆ ಕೂರಬಹುದಾದ, ಎದುರಿಗೆ ಗದ್ದೆ ಬಯಲು ಕಾಣುವ ಒಂದು ಜಾಗ. ತೋಟದಲ್ಲಿ ಹೊಸದಾಗಿ ಲೈನ್‌ಮನೆ ಕಟ್ಟಿಸುವವರು ಬಾಗಿಲು ಯಾವ ಕಡೆ ಇಡಬೇಕು ಅಂತ ಯೋಚಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.