‘ಜಡ್ಜ್ ಬೈತಾರಾ?’

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಅಂದರೆ ಪೋಕ್ಸೋ ಕೇಸುಗಳಲ್ಲಿ ಮಗುವಿನ ಜೊತೆಗಿರುವುದು ನನ್ನ ಕೆಲಸ. ಕಾಗದದಲ್ಲಿ ‘ಸಪೋರ್ಟ್ ಪರ್ಸನ್’ ಅಂತ ಇರುತ್ತದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗಿಯರು ಆಗಾಗ ಫೋನ್ ಮಾಡಿ, ‘ಮೇಡಂ, ಈ ಕೆಲಸಕ್ಕೆ ಗಟ್ಟಿ ಮನಸ್ಸು ಬೇಕಲ್ವಾ?’ ಎಂದು ಕೇಳುತ್ತಾರೆ. ಬೇಕು, ಇಲ್ಲ ಅನ್ನಲ್ಲ. ಆದರೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ಮುಂದೇನಾಗುತ್ತದೆ ಎಂದು ತಿಳಿದುಕೊಂಡು, ಅದನ್ನು ಮಗುವಿಗೆ ಅರ್ಥವಾಗುವ ಹಾಗೆ ಹೇಳುವ ಅಭ್ಯಾಸ. ಅತ್ತು ಸಮಾಧಾನ ಮಾಡುವವರು ಮನೆಯಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಕೋರ್ಟಿನ ಮುಂದಿನ ವಾಯಿದೆ ಯಾವತ್ತು ಅಂತ ಗೊತ್ತಿರುವವರು ಒಬ್ಬರೂ ಇರುವುದಿಲ್ಲ.

ದೂರು ಬಂದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗು ಮತ್ತು ಪೋಷಕರು ಒಪ್ಪಿದರೆ ಸಮಿತಿ ನಮ್ಮನ್ನು ನೇಮಿಸುತ್ತದೆ. ಮೊದಲು ಇದು ಸಮಿತಿಯ ಇಷ್ಟಕ್ಕೆ ಬಿಟ್ಟ ಹಾಗಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಾಗೆ ಬಿಡುವಂತಿಲ್ಲ ಎಂದು ಹೇಳಿತು. ಸಂಬಳದ ವಿಷಯ ಬೇಗ ಮುಗಿಸುತ್ತೇನೆ: ಕುಶಲ ಕಾರ್ಮಿಕರ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು ಅಂತ ನಿಯಮ ಹೇಳುತ್ತದೆ. ‘ಕಡಿಮೆ ಇರಬಾರದು’ ಅನ್ನುವುದನ್ನು ‘ಅಷ್ಟೇ’ ಅಂತ ಓದಿಕೊಳ್ಳಿ.

ಮೊದಲ ವಾರ ಪೂರ್ತಿ ಓಡಾಟ. ಮೆಡಿಕಲ್ ತಪಾಸಣೆ, ಪೊಲೀಸರ ಮುಂದೆ ಹೇಳಿಕೆ, ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ. ಮಗು ಇರುವ ಕಡೆ ಅಥವಾ ಅದು ಬಯಸಿದ ಜಾಗಕ್ಕೇ ಹೋಗಿ ಹೇಳಿಕೆ ತೆಗೆದುಕೊಳ್ಳಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು ಅಂತ ಕಾನೂನಿದೆ. ಅಧಿಕಾರಿ ಚೂಡಿದಾರ್‌ನಲ್ಲೇ ಬಂದರು ಅಂದುಕೊಳ್ಳಿ, ಜೀಪು ಮನೆ ಬಾಗಿಲಿಗೇ ಬಂದು ನಿಂತರೆ? ಸಂಜೆಯೊಳಗೆ ಇಡೀ ಬೀದಿಗೆ ಗೊತ್ತು. ಹಾಗಾಗಿ ಗಾಡಿ ಮುಖ್ಯರಸ್ತೆಯಲ್ಲೇ ನಿಲ್ಲಿಸಿ ಬನ್ನಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

ಕಷ್ಟ ಶುರುವಾಗುವುದು ಆಮೇಲೆ. ಚಾರ್ಜ್‌ಶೀಟ್ ಆಗಿದೆ, ಸಾಕ್ಷಿ ಹೇಳಲು ಇನ್ನೂ ಕರೆದಿಲ್ಲ. ಇಂಥ ಕೇಸುಗಳಲ್ಲಿ ಆರೋಪಿ ಬಹುತೇಕ ಪರಿಚಯದವನೇ. ಚಿಕ್ಕಪ್ಪ, ಪಕ್ಕದ ಮನೆಯವನು, ಮನೆ ಮಾಲೀಕ. ಹಿರಿಯರು ಜಗಲಿಗೆ ಬಂದು ಕೂತು, ‘ಹುಡುಗಿ ಭವಿಷ್ಯ ನೋಡಿ, ರಾಜಿ ಆಗಿ’ ಅನ್ನುತ್ತಾರೆ. ಜೈಲಿಗೆ ಹೋದವನೇ ದುಡಿದು ಹಾಕುತ್ತಿದ್ದರಂತೂ ತಾಯಿ ಅಕ್ಕಿಗೂ ಯೋಚಿಸಬೇಕು. ಸಾಕ್ಷಿ ತಿರುಗಿಬಿದ್ದರು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು ಕಟಕಟೆಯಲ್ಲಿ ಆಗುವುದಲ್ಲ. ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಆಗುತ್ತಾ ಬರುತ್ತದೆ.

ಅದಕ್ಕೇ ಅರ್ಜಿ ಬರೆಯುವುದು ನಮ್ಮ ಕೆಲಸದ ದೊಡ್ಡ ಭಾಗ. ಊಟ, ಬಟ್ಟೆ, ಬಸ್ ಖರ್ಚಿಗೆ ತಕ್ಷಣ ಹಣ ಕೊಡಿ ಎಂದು ಸಮಿತಿ ಶಿಫಾರಸು ಮಾಡಬಹುದು. 2020ರ ಪೋಕ್ಸೋ ನಿಯಮದ ಪ್ರಕಾರ ಅದು ವಾರದೊಳಗೆ ಸಿಗಬೇಕು. ಎಫ್‌ಐಆರ್ ಆದ ಮೇಲೆ ವಿಶೇಷ ನ್ಯಾಯಾಲಯದಿಂದ ಮಧ್ಯಂತರ ಪರಿಹಾರವನ್ನೂ ಕೇಳಬಹುದು. ‘ದುಡ್ಡು ತಗೊಂಡರೆ ಕೇಸು ಮಾರಿಕೊಂಡ ಹಾಗಲ್ವಾ?’ ಎಂದು ಕೇಳುವ ತಂದೆಯರಿದ್ದಾರೆ. ಇದು ಆರೋಪಿಯ ಕಡೆಯ ದುಡ್ಡಲ್ಲ, ಸರ್ಕಾರದ್ದು, ಆರೋಪಿ ಖುಲಾಸೆಯಾದರೂ ಕೋರ್ಟು ಪರಿಹಾರ ಕೊಡಿಸಬಹುದು ಎಂದು ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಮತ್ತೆ ಬ್ಯಾಂಕಿನ ಗೋಳು ಬೇರೆ. ತಂದೆಯೇ ಆರೋಪಿಯಾದಾಗ ಮಗುವಿನ ಖಾತೆಗೆ ಯಾರ ಸಹಿ? ಇದನ್ನು ಮೊದಲೇ ನೋಡಿಕೊಳ್ಳದಿದ್ದರೆ ಆದೇಶ ಕೈಗೆ ಬಂದರೂ ದುಡ್ಡು ಬರುವುದಿಲ್ಲ.

ಸಾಕ್ಷಿಗೆ ಮುಂಚೆ ಒಂದು ದಿನ, ಕಲಾಪ ಇಲ್ಲದ ಹೊತ್ತಿನಲ್ಲಿ, ಅನುಮತಿ ಪಡೆದು ಮಗುವಿಗೆ ಕೋರ್ಟ್ ಹಾಲ್ ತೋರಿಸುತ್ತೇನೆ. ಇಲ್ಲಿ ಜಡ್ಜ್, ಇಲ್ಲಿ ಟೈಪ್ ಮಾಡುವವರು, ಇದು ನಿನ್ನ ಕುರ್ಚಿ. ಮಕ್ಕಳ ಪ್ರಶ್ನೆಗಳೇ ಬೇರೆ. ‘ಜಡ್ಜ್ ಬೈತಾರಾ?’ ‘ಅವನು ಎಲ್ಲಿ ಕೂರ್ತಾನೆ?’ ‘ಮಧ್ಯದಲ್ಲಿ ಸುಸ್ಸು ಬಂದರೆ?’ ಮೂರಕ್ಕೂ ಕಾನೂನಿನಲ್ಲೇ ಉತ್ತರ ಇದೆ. ಬೈಯುವುದಿರಲಿ, ವಕೀಲರು ಮಗುವನ್ನು ನೇರವಾಗಿ ಪ್ರಶ್ನೆ ಕೇಳುವಂತೆಯೂ ಇಲ್ಲ, ಪ್ರಶ್ನೆಗಳು ಜಡ್ಜ್ ಮೂಲಕವೇ ಬರಬೇಕು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಅದಕ್ಕೆ ಪರದೆಯನ್ನೋ ವಿಡಿಯೋವನ್ನೋ ಬಳಸುತ್ತಾರೆ. ಬೇಕಾದಾಗ ಬಿಡುವು ಕೊಡಬೇಕು.

ಒಂದು ಗೆರೆ ಮಾತ್ರ ದಾಟಬಾರದು. ಏನು ಹೇಳಬೇಕು ಅಂತ ಹೇಳಿಕೊಡುವ ಹಾಗಿಲ್ಲ, ಘಟನೆಯ ಮಾತೇ ನಾನು ಎತ್ತುವುದಿಲ್ಲ. ‘ಗೊತ್ತಿಲ್ಲ’, ‘ಮರೆತುಹೋಗಿದೆ’, ‘ಪ್ರಶ್ನೆ ಅರ್ಥ ಆಗಲಿಲ್ಲ’ ಎಂದು ಹೇಳಿದರೂ ನಡೆಯುತ್ತದೆ, ಅಷ್ಟು ಹೇಳುತ್ತೇನೆ. ‘ಅವನಿಗೆ ಶಿಕ್ಷೆ ಆಗೇ ಆಗುತ್ತೆ’ ಅಂತ ಭರವಸೆ ಕೊಡುವವರು ಈ ಕೆಲಸಕ್ಕೆ ಬರಬೇಡಿ.

ಕೋರ್ಟು ಕೇಸು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಆದಷ್ಟು ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಅಂತಿದೆ. ಎಷ್ಟೋ ಕೇಸುಗಳು ಅದನ್ನು ಮೀರುತ್ತವೆ. ಶಾಲೆಗೆ ರಜೆ ಹಾಕಿ, ಹೆದರಿ ತಿಂಡಿ ಬಿಟ್ಟು, ಎರಡು ಬಸ್ ಬದಲಿಸಿ ಬಂದ ಮಗುವಿಗೆ ‘ಇವತ್ತು ಆಗಲ್ಲ’ ಅಂದರೆ ಹೇಗಿರಬೇಡ? ಹಿಂದಿನ ಸಂಜೆಯೇ ಸರ್ಕಾರಿ ವಕೀಲರ (ಪಿಪಿ) ಕಚೇರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡರೆ ಇಂಥ ಅಲೆದಾಟ ಅರ್ಧ ತಪ್ಪುತ್ತದೆ.

ಈ ಕೆಲಸಕ್ಕೆ ಬರುವ ಆಸೆಯಿದ್ದರೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಸಪೋರ್ಟ್ ಪರ್ಸನ್, ದುಭಾಷಿಗಳ ಹೆಸರಿನ ರಿಜಿಸ್ಟರ್ ಅಲ್ಲಿ ಇರಬೇಕು. ತುಳು, ಲಂಬಾಣಿ, ಒಡಿಯಾ, ಬಂಗಾಳಿ, ಯಾವುದು ಬರುತ್ತದೋ ಅದನ್ನೂ ಬರೆಸಿ. ತಾಂಡಾದ ಮಗುವೋ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡಿನ ಮಗುವೋ ಕನ್ನಡದಲ್ಲಿ ಬರೀ ತಲೆಯಾಡಿಸಿ ಸುಮ್ನಾಗುತ್ತದೆ.