ಮೊಬೈಲ್‌ನಲ್ಲಿ ಕಂಡ ಬಣ್ಣ ತಗಡಿಗೆ ಬರಲ್ಲ

ಕಲಬುರಗಿಯಲ್ಲಿ ಡಬ್ಬಿ ಡಿಸೈನ್ ಮಾಡೋ ನನ್ನ ಹತ್ತಿರ ಕುಸುಬೆ ಎಣ್ಣೆಯವರು, ತುಪ್ಪದವರು, ಉಪ್ಪಿನಕಾಯಿಯವರು ಬರ್ತಾರೆ. ಎಲ್ಲರದೂ ಒಂದೇ ಮಾತು. ಮೊಬೈಲ್ ಮುಂದೆ ಹಿಡಿದು, "ಸರ್, ಡಬ್ಬಿ ಮ್ಯಾಲ ಇದೇ ಬಂಗಾರದ ಕಲರ್ ಬರಬೇಕ್ ನೋಡ್ರಿ."

ಮೊಬೈಲ್‌ನಲ್ಲಿ ಬಂಗಾರ ಅಂತ ಬಣ್ಣವೇ ಇಲ್ಲ. ಅಲ್ಲಿ ಕಾಣೋದು ಕಂದು ಬೆರೆತ ಹಳದಿ. ಬಂಗಾರ ಇರೋದು ತಗಡಿನಲ್ಲಿ. ಅಚ್ಚಿನ ಶಾಯಿ ಬಹುಪಾಲು ಪಾರದರ್ಶಕ, ಕೆಳಗೆ ಏನಿದೆಯೋ ಅದು ಮೇಲೆ ಕಾಣುತ್ತದೆ. ತಗಡಿಗೆ ಮೊದಲು ಬಿಳಿ ಕೋಟ್ ಕೊಟ್ಟು ಹಳದಿ ಹಾಕಿದರೆ ಸಾದಾ ಹಳದಿ. ಬಿಳಿ ಬಿಟ್ಟು ಬರೀ ತಗಡಿನ ಮೇಲೆ ಅದೇ ಹಳದಿ ಹಾಕಿದರೆ ಬಂಗಾರದ ಹೊಳಪು. ಶಾಯಿ ಬದಲಾಗಿಲ್ಲ, ಅಡಿಯ ಬಿಳಿ ಹೋಯಿತು ಅಷ್ಟೇ. ಕೆಂಪಿಗೂ ಹಸಿರಿಗೂ ಇದೇ ಲೆಕ್ಕ. ಅದಕ್ಕೇ ನಾನು ಮೊದಲು ಕೇಳೋದು ಬಿಳಿ ಎಲ್ಲಿ ಬೇಕು, ಎಲ್ಲಿ ಬೇಡ ಅಂತ. ಉತ್ತರ ಕೊಡೋರು ಕಡಿಮೆ.

ಒಬ್ಬ ತುಪ್ಪದ ಯಜಮಾನರಿಗೆ ಇದನ್ನೆಲ್ಲ ಹೇಳಿ ಸ್ಯಾಂಪಲ್ ತಗಡನ್ನೇ ಕೈಗೆ ಕೊಟ್ಟೆ. ತಲೆಯಾಡಿಸಿದರು. ಆಮೇಲೆ ಅದರ ಫೋಟೋ ತೆಗೆದು, ಫೋಟೋ ನೋಡಿ, "ಇದು ಮಬ್ಬಾಗೇದಲ್ರಿ" ಅಂದರು! ಒಳ್ಳೇ ಮನುಷ್ಯ, ಚಹಾ ಕುಡಿಸದೆ ಕಳಿಸೋರಲ್ಲ.

ಕಾಗದದ ಲೇಬಲ್ ಅಂಟಿಸೋರಿಗೆ ಈ ತಲೆನೋವಿಲ್ಲ. ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಡಬ್ಬಿಯ ಕೆಂಪು-ಬಿಳಿ 1898ರದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಅಂಗಿ ನೋಡಿ ಆರಿಸಿದ ಬಣ್ಣ, ಬಂದದ್ದು ಕಾಗದದ ಮೇಲೆ. ಆಗ ತಗಡಿಗೆ ನೇರವಾಗಿ ಅಚ್ಚು ಹಾಕೋದು ಕಷ್ಟವಿತ್ತು. ಕಲ್ಲಚ್ಚು ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅದರಿಂದ ಅಚ್ಚು ಹಾಕೋದು, ಆ ಕಲ್ಲೂ ಗಟ್ಟಿ, ತಗಡೂ ಗಟ್ಟಿ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ ಎರಡರ ನಡುವೆ ಇನ್ನೊಂದು ಉರುಳೆ ಇಟ್ಟರು. ಅದು ಕಲ್ಲಿನಿಂದ ಶಾಯಿ ಎತ್ತಿಕೊಂಡು ತಗಡಿಗೆ ದಾಟಿಸಿತು. ಹೀಗೆ ನಡುವಿನ ಉರುಳೆಯಿಂದ ಅಚ್ಚು ಹಾಕೋದಕ್ಕೇ ಆಫ್‌ಸೆಟ್ ಅನ್ನೋದು. ಅದು ಹುಟ್ಟಿದ್ದು ತಗಡಿಗಾಗಿ, ಕಾಗದಕ್ಕೆ ಬಂದದ್ದು ಆಮೇಲೆ. ನಮ್ಮ ಕಾಗದದ ಪ್ರೆಸ್‌ನವರು ಇದನ್ನು ಒಪ್ಪೋದಿಲ್ಲ, ಬಿಡಿ. 1885ರಿಂದ ಇಂಗ್ಲೆಂಡಿನ ಸಕ್ಕರೆ ಪಾಕ ಲೈಲ್ಸ್ ಗೋಲ್ಡನ್ ಸಿರಪ್‌ನ ಹಸಿರು-ಬಂಗಾರದ ಡಬ್ಬಿ ಹೆಚ್ಚುಕಮ್ಮಿ ಹಾಗೇ ಉಳಿದಿದೆ. ನಮ್ಮವರಿಗೆ ಪ್ರತಿ ದೀಪಾವಳಿಗೂ ಹೊಸ ಬಣ್ಣ ಬೇಕು.

ಸ್ಯಾಂಪಲ್ ತಗಡನ್ನು ಬಿಸಿಲಲ್ಲೂ ನೋಡಿ, ಟ್ಯೂಬ್‌ಲೈಟ್ ಕೆಳಗೂ ನೋಡಿ, ಆಮೇಲೆ ಸಹಿ ಹಾಕಿ. ಆದರೂ ಅಚ್ಚಾದ ತಗಡನ್ನು ಒಲೆಯಲ್ಲಿ ಒಣಗಿಸುವಾಗ ಬಣ್ಣ ಸ್ವಲ್ಪ ಆಚೀಚೆ ಆಗಬಹುದು, ಅದಕ್ಕೆ ನಾನು ಗ್ಯಾರಂಟಿ ಕೊಡೋದಿಲ್ಲ. ಹಸಿರು ಡಬ್ಬಿ ಬೇಕು ಅನ್ನೋರು ಸಸ್ಯಾಹಾರದ ಹಸಿರು ಚುಕ್ಕೆಗೆ ಬಿಳಿ ಜಾಗ ಬಿಡಿಸಿಕೊಳ್ಳಿ.