ಓ2ನಲ್ಲಿ ತಪ್ಪು ಎಲ್ಲಿ ಹೋಯಿತು?

ಹೊಸದಾಗಿ ತಂಡಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಳು. "ಸರ್, ಓ0ನಲ್ಲಿ ಎರರ್ ಬರುತ್ತೆ, ಓ2 ಹಾಕಿದ್ರೆ ಬರಲ್ಲ. ಅಡ್ರೆಸ್ ಸ್ಯಾನಿಟೈಸರ್ ಕೆಟ್ಟಿದೆಯಾ?"

ಕೆಟ್ಟಿರಲಿಲ್ಲ. ಓ0, ಓ2 ಅಂದರೆ ಕಾಂಪೈಲರ್ ಕೋಡನ್ನು ಎಷ್ಟು ಚುರುಕುಗೊಳಿಸಬೇಕು ಅನ್ನುವ ಮಟ್ಟಗಳು; ಓ0ನಲ್ಲಿ ಹೆಚ್ಚೇನೂ ಮಾಡುವುದಿಲ್ಲ, ಓ2ನಲ್ಲಿ ಬಹಳ ಮಾಡುತ್ತದೆ. ಅಡ್ರೆಸ್ ಸ್ಯಾನಿಟೈಸರ್ ಅಂದರೆ ಪ್ರೋಗ್ರಾಂ ತನ್ನದಲ್ಲದ ಮೆಮೊರಿ ಮುಟ್ಟಿದರೆ ಹಿಡಿಯುವ ಸಾಧನ. ಅವಳ ಟೆಸ್ಟಿನಲ್ಲಿ 10 ಬೈಟಿನ ಒಂದು ಸ್ಟ್ಯಾಟಿಕ್ ಅರೇ ಇತ್ತು. ಲೂಪ್ ಒಂದು ಸುತ್ತು ಜಾಸ್ತಿ ಓಡಿ ಹನ್ನೊಂದನೇ ಬೈಟಿಗೂ ಬರೆಯುತ್ತಿತ್ತು. ಆದರೆ ಬರೆದದ್ದನ್ನು ಆಮೇಲೆ ಯಾರೂ ಓದುತ್ತಿರಲಿಲ್ಲ. ಇಂಥ ಅರೇ ಪ್ರೋಗ್ರಾಂ ಮುಗಿಯುವವರೆಗೂ ಮೆಮೊರಿಯಲ್ಲಿ ಇರುತ್ತದೆ, ಅದಕ್ಕೇ ಗ್ಲೋಬಲ್ ಅನ್ನುವುದು. ಯಾರೂ ಓದದ ಗ್ಲೋಬಲ್ ಯಾಕೆ ಬೇಕು ಅಂತ ಕಾಂಪೈಲರ್ ಆ ಅರೇಯನ್ನೂ, ಅದಕ್ಕೆ ಬರೆಯುವ ಸಾಲನ್ನೂ ಕಿತ್ತುಹಾಕಿತ್ತು. ಕ್ಲ್ಯಾಂಗ್ ಕಾಂಪೈಲರಿನ ಒಳಗಿರುವ ಎಲ್‌ಎಲ್‌ವಿಎಂನಲ್ಲಿ ಇದನ್ನು ಮಾಡುವ ಪಾಸ್, ಅಂದರೆ ಕೋಡ್ ತಿದ್ದುವ ಹಂತ, ಗ್ಲೋಬಲ್‌ಆಪ್ಟ್. ಸ್ಯಾನಿಟೈಸರ್ ತನ್ನ ತಪಾಸಣೆ ಸೇರಿಸುವುದು ಅದಾದ ಮೇಲೆ. ಅಷ್ಟರಲ್ಲಿ ಹಿಡಿಯಲು ಏನೂ ಉಳಿದಿರಲಿಲ್ಲ. ಸೋರ್ಸಿನಲ್ಲಿ ಮಾತ್ರ ತಪ್ಪು ಹಾಗೇ ಕೂತಿದೆ. ನಾಳೆ ಯಾರೋ ಒಂದು ಪ್ರಿಂಟ್ ಸಾಲು ಸೇರಿಸಿದರೆ ಅರೇ ವಾಪಸ್ ಬರುತ್ತದೆ, ಅದರ ಜೊತೆ ತಪ್ಪೂ ಬರುತ್ತದೆ.

ಎಲ್‌ಎಲ್‌ವಿಎಂ ತಂಡದವರೇ ಬರೆದಿರುವ ಗ್ಲೋಬಲ್ ಟೆಸ್ಟನ್ನು ಅವಳಿಗೆ ತೆಗೆದು ತೋರಿಸಿದೆ. ಪುಟ್ಟದು, ಆದರೆ ಒಂದೊಂದು ಸಾಲಿನಲ್ಲೂ ಎಚ್ಚರ ಇದೆ. 10 ಬೈಟಿನ ಮೂರು ಅರೇ. ನಡುವಿನದರಲ್ಲಿ ಓದುವ ಜಾಗ ಸುಮ್ನೆ 10 ಅಲ್ಲ (ಎಣಿಕೆ 0ಯಿಂದ, ಹಾಗಾಗಿ 10 ಅಂದರೆ ಹನ್ನೊಂದನೇ ಬೈಟ್), ಆರ್ಗ್‌ಸಿ ಗುಣಿಸು 10. ಆರ್ಗ್‌ಸಿ ಅಂದರೆ ಓಡಿಸುವಾಗ ಕೊಟ್ಟ ಪದಗಳ ಎಣಿಕೆ, ಪ್ರೋಗ್ರಾಂ ಹೆಸರೂ ಸೇರಿ. ಬೇರೇನೂ ಕೊಡದೆ ಓಡಿಸಿದಾಗ ಅದು 1 ಆಗಿರುತ್ತದೆ, ಕಾಂಪೈಲರಿಗೆ ಅದು ಮೊದಲೇ ಗೊತ್ತಾಗುವುದಿಲ್ಲ. ಪಕ್ಕದ ಎರಡು ಅರೇಗಳಿಂದಲೂ ಒಂದೊಂದು ಬೈಟ್ ಓದಿ, ಕೂಡಿಸಿ, ಉತ್ತರವನ್ನು ಮೇನ್‌ನಿಂದ (ಪ್ರೋಗ್ರಾಂ ಶುರುವಾಗುವ ಫಂಕ್ಷನ್‌ನಿಂದ) ವಾಪಸ್ ಕೊಡುತ್ತಾರೆ. ಹಾಗಾಗಿ ಯಾವುದನ್ನೂ ಕಿತ್ತುಹಾಕಲು ಬರುವುದಿಲ್ಲ. ಇದೇ ಫೈಲನ್ನು ಓ0, ಓ1, ಓ2, ಓ3 ನಾಲ್ಕರಲ್ಲೂ ಓಡಿಸುತ್ತಾರೆ.

ಒಳಗೆ ನಡೆಯುವುದನ್ನೂ ನೋಡಿ. ಹೊಲಕ್ಕೆ ಬದು ಹಾಕಿದ ಹಾಗೆ ಸ್ಯಾನಿಟೈಸರ್ ಪ್ರತಿ ಗ್ಲೋಬಲ್ ಆದ ಮೇಲೆ ಸ್ವಲ್ಪ ಜಾಗ ಬಿಡುತ್ತದೆ. ಅದೇ ರೆಡ್‌ಝೋನ್. ಮೆಮೊರಿಯ ಪ್ರತಿ 8 ಬೈಟಿಗೆ 1 ಬೈಟಿನ ಲೆಕ್ಕ ಬೇರೆ ಕಡೆ ಇರುತ್ತದೆ. ನಮ್ಮ 10 ಬೈಟಿನ ಅರೇಗೆ ಆ ಲೆಕ್ಕ 00, 02, ಮುಂದಕ್ಕೆಲ್ಲ ಎಫ್9. ಅಂದರೆ ಮೊದಲ ಎಂಟೂ ಸರಿ, ಮುಂದಿನ ಎಂಟರಲ್ಲಿ ಎರಡೇ ಸರಿ, ಆಮೇಲೆ ಬದು. ಹನ್ನೊಂದನೇ ಬೈಟ್ ಮುಟ್ಟಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬದುವನ್ನೇ ಹಾರಿ ಪಕ್ಕದ ಅರೇಯ ಒಳಗೆ ಬಿದ್ದರೆ ಸಿಗುವುದಿಲ್ಲ. ಇದನ್ನು ನಾನು ಹೊಸಬರಿಗೆಲ್ಲ ಮತ್ತೆ ಮತ್ತೆ ಹೇಳುತ್ತೇನೆ.

ಹಳೆಯ ಸಿ ಕೋಡ್ ಇದ್ದರೆ ಬಿಲ್ಡ್ ಫೈಲನ್ನೂ ಒಮ್ಮೆ ನೋಡಿ. ಬೆಲೆ ಕೊಡದ ಗ್ಲೋಬಲ್‌ಗಳನ್ನು 'ಕಾಮನ್' ಎಂದು ಇಟ್ಟರೆ ಅವುಗಳ ಗಾತ್ರ ಲಿಂಕ್ ಮಾಡುವಾಗಷ್ಟೇ, ಅಂದರೆ ಕಾಂಪೈಲ್ ಆದ ಫೈಲ್‌ಗಳನ್ನು ಜೋಡಿಸುವಾಗಷ್ಟೇ, ತೀರ್ಮಾನವಾಗುತ್ತದೆ. ಗಾತ್ರ ಗೊತ್ತಿಲ್ಲದೆ ಬದು ಎಲ್ಲಿ ಹಾಕುವುದು, ಅಲ್ವಾ? ಜಿಸಿಸಿ 10 ಮತ್ತು ಕ್ಲ್ಯಾಂಗ್ 11 ಕಾಂಪೈಲರ್‌ಗಳಿಂದ, ಅಂದರೆ 2020ರಿಂದ, ಆ ಪದ್ಧತಿ ತಾನಾಗಿ ಆನ್ ಆಗಿರುವುದಿಲ್ಲ. ಹಳೇ ಬಿಲ್ಡ್ ಫೈಲ್‌ಗಳಲ್ಲಿ ಅದನ್ನು ಕೈಯಾರೆ ಹಾಕಿಟ್ಟಿರುತ್ತಾರೆ.

ಅವಳು ಲೂಪಿನ ಮಿತಿಯನ್ನು ಆರ್ಗ್‌ಸಿಯಿಂದ ಲೆಕ್ಕ ಹಾಕಿದಳು, ಅರೇಯ ಒಂದು ಬೈಟನ್ನು ಮೇನ್‌ನಿಂದ ವಾಪಸ್ ಕೊಟ್ಟಳು, ಓ2ನಲ್ಲಿ ಮತ್ತೆ ಓಡಿಸಿದಳು. ಈ ಸಲ ಬಂತು: 10 ಬೈಟಿನ ಗ್ಲೋಬಲ್ ಮುಗಿದು 0 ಬೈಟ್ ಆಚೆ, 1 ಬೈಟ್ ಬರೆಯಲಾಗಿದೆ.